ಕರೆಂಟು ಹೋಯಿತು, ಅಷ್ಟೇ

ಸತ್ಯನಾರಾಯಣಪುರಂ, ವಿಜಯವಾಡ
18 ಏಪ್ರಿಲ್ 2005

ಪ್ರೀತಿಯ ಅಣ್ಣಾ,

ಫೋನಿನಲ್ಲಿ ಈ ವಿಷಯ ತೆಗೆದರೆ ನೀನು ‘ಎಷ್ಟು ವೋಲ್ಟ್ ಬರ್ತದ, ಪ್ಲಗ್ಗಿಗೆ ಎಷ್ಟು ಪಿನ್ನು’ ಎಂದು ಕೇಳುತ್ತೀ. ನಾನು ಎದ್ದು ಹೋಗಿ ನೋಡಿ ಬರುವಷ್ಟರಲ್ಲಿ ಲೈನು ಕಟ್ಟಾಗಿರುತ್ತದೆ. ಅದಕ್ಕೇ ಎಲ್ಲವನ್ನೂ ಕೂತು ನೋಡಿಕೊಂಡು ಬರೆಯುತ್ತಿದ್ದೇನೆ.

ನನ್ನ ಕಂಪ್ಯೂಟರು ಸಾಯುತ್ತಿದೆ. ನಿನ್ನೆ ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಒಬ್ಬ ಹೃದ್ರೋಗದ ಡಾಕ್ಟರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದೆ. ಒಬ್ಬ ಮುದುಕಿಯ ವರದಿ. ಆಕೆ ಆಸ್ಪತ್ರೆ ಸೇರಿದ್ದು, ಆಪರೇಷನ್ ಆದದ್ದು, ಚೇತರಿಸಿಕೊಂಡದ್ದು ಎಲ್ಲ ಮುಗಿದು, ಮನೆಗೆ ಕಳಿಸುವ ಸಾಲಿಗೆ ಬಂದಿದ್ದೆ. ಫ್ಯಾನು ನಿಧಾನವಾಯಿತು, ಟ್ಯೂಬ್‌ಲೈಟು ಕಣ್ಣು ಮಿಟುಕಿಸಿತು, ಪರದೆ ಕಪ್ಪಾಯಿತು. ಪಾಪ, ಆ ಅಜ್ಜಿ ಮತ್ತೆ ಮೊದಲಿನಿಂದ ಆಸ್ಪತ್ರೆ ಸೇರಬೇಕಾಯಿತು.

ಬೇಸಿಗೆ ಬಂದ ಮೇಲೆ ದಿನಾ ಇದೇ ಗೋಳು. ಬೀದಿಯಲ್ಲಿ ಎಲ್ಲರೂ ಕೂಲರ್ ಹಚ್ಚುತ್ತಾರೆ, ನಮ್ಮ ಮಹಡಿಯ ಮನೆಗೆ ಬರುವ ಹೊತ್ತಿಗೆ ಕರೆಂಟಿಗೆ ಜೀವವೇ ಇರುವುದಿಲ್ಲ. ಇನ್ನೊಂದು ಮಾತು, ಕಂಪ್ಯೂಟರಿನ ಡಬ್ಬಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಇವರಿಗೆ ಹೇಳಿದರೆ, ‘ಬ್ಯಾಂಕಿನಾಗೂ ಕಂಪ್ಯೂಟರು, ಮನೀಗೆ ಬಂದ್ರೂ ಕಂಪ್ಯೂಟರು, ಎಲ್ಲೆ ಹೋಗ್ಲಿ ನಾನು’ ಎಂದು ನಗುತ್ತಾರೆ.

ನಗುವ ಮಾತಲ್ಲ. ವಿಶಾಖಪಟ್ಟಣದ ಆಫೀಸಿನಿಂದ ನನ್ನ ಮೇಲಿನವರು, ಗಂಗಾಭವಾನಿ ಗಾರು, ವರದಿ ತಡವಾಯಿತೆಂದು ಈಗಾಗಲೇ ಎರಡು ಸಲ ಕೇಳಿದ್ದಾರೆ. ಮದುವೆಗೆ ಮುಂಚೆ ನಿನ್ನ ಮನೆಯಲ್ಲಿದ್ದು ಅವರ ಹತ್ತಿರ ಈ ವಿದ್ಯೆ ಕಲಿತೆ. ಅದೊಂದೇ ನನ್ನದು ಅಂತ ಇರುವುದು. ಫಾರ್ಮಾ ಕಂಪನಿಯ ಅಷ್ಟು ದೊಡ್ಡ ಯಂತ್ರಗಳನ್ನೆಲ್ಲ ಕಾಯುವ ಎಂಜಿನಿಯರು ತಂಗಿಯ ಒಂದು ಪೆಟ್ಟಿಗೆ ಕಾಯಲಾರೆಯಾ?

ತೃಪ್ತಿ ಅತ್ತಿಗೆಗೆ ನೆನೆಸಿದೆನೆಂದು ಹೇಳು.

ನಿನ್ನ
ಚಿತ್ರಾ

*

ಗಾಜುವಾಕ, ವಿಶಾಖಪಟ್ಟಣ
26 ಏಪ್ರಿಲ್ 2005

ಚಿ. ಚಿತ್ರಾ,

ಫ್ಯಾಕ್ಟರಿಗೆ ಹೋಗುವ ಪರವಾಡದ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ರಸ್ತೆಯನ್ನು ಬೈದುಕೋ.

ಬೆರಳು ಜುಮ್ಮೆನ್ನುತ್ತದೆ ಎಂದು ಕಾಗದದ ನಡುವೆ ಎಲ್ಲೋ ಬರೆದಿದ್ದೀ. ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು! ನಿಮ್ಮ ಹಳೆಯ ಮನೆಗೆ ಅರ್ಥಿಂಗ್ ಇಲ್ಲ. ಅದು ಸರಿಯಾಗುವ ತನಕ ಬರಿಗಾಲಲ್ಲಿ ಕೂತು ಅದನ್ನು ಮುಟ್ಟಬೇಡ. ಮನೆಯ ಓನರನ್ನು ಕೇಳಿ ಹಿತ್ತಲಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿ ಅರ್ಥಿಂಗ್ ಹಾಕಿಸು. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹನಿಸಬೇಕು, ತುಳಸಿಗೆ ಹಾಕಿದ ಹಾಗೆ. ಕೆಳಗೆ ಚಿತ್ರ ಬರೆದಿದ್ದೇನೆ, ಎಲೆಕ್ಟ್ರಿಷಿಯನ್ನಿಗೆ ಅದನ್ನೇ ತೋರಿಸು.

ಆಮೇಲೆ ಯುಪಿಎಸ್. ಅಂಗಡಿಯವನು ಸ್ಟೆಬಿಲೈಸರ್ ಸಾಕು ಅನ್ನುತ್ತಾನೆ, ಕೇಳಬೇಡ. ಸ್ಟೆಬಿಲೈಸರು ಏರಿಳಿತವನ್ನು ತಿದ್ದುತ್ತದೆ, ಕರೆಂಟೇ ಹೋದರೆ ಅದೂ ಕೈ ಚೆಲ್ಲುತ್ತದೆ. ಯುಪಿಎಸ್ಸಿನ ಹೊಟ್ಟೆಯಲ್ಲಿ ಬ್ಯಾಟರಿ ಇರುತ್ತದೆ. ಕರೆಂಟು ಹೋದ ಕ್ಷಣ ಅದು ಹೆಗಲು ಕೊಡುತ್ತದೆ, ಬೀಪ್ ಬೀಪ್ ಎಂದು ಕೂಗಿ ನಿನ್ನನ್ನು ಎಚ್ಚರಿಸುತ್ತದೆ. ಅಷ್ಟರಲ್ಲಿ ಬರೆದದ್ದನ್ನು ಉಳಿಸಿಕೊಂಡು, ಕಂಪ್ಯೂಟರನ್ನು ಮರ್ಯಾದೆಯಿಂದ ಮುಚ್ಚಬಹುದು. ಅದಕ್ಕೆ ಕಂಪ್ಯೂಟರು ಮಾನಿಟರು ಬಿಟ್ಟು ಬೇರೇನೂ ಜೋಡಿಸಬೇಡ. ಗುಡುಗು ಸಿಡಿಲಿನ ದಿನ ಮೋಡೆಮ್ಮಿಗೆ ಬರುವ ಫೋನಿನ ವಾಯರನ್ನೂ ಕಿತ್ತಿಡು. ಕಳ್ಳ ಮುಂಬಾಗಿಲಿನಿಂದಲೇ ಬರಬೇಕೆಂದಿಲ್ಲ.

ತಿಂಗಳಿಗೊಮ್ಮೆ ಅದನ್ನು ಪರೀಕ್ಷೆ ಮಾಡು. ಕಂಪ್ಯೂಟರು ತೆಗೆದು ಒಂದು ಟೇಬಲ್ ಲ್ಯಾಂಪು ಜೋಡಿಸಿ, ಗೋಡೆಯ ಸ್ವಿಚ್ಚು ಆರಿಸು. ದೀಪ ಉರಿಯುತ್ತಿದ್ದರೆ ನೆಮ್ಮದಿಯಿಂದ ಇರು.

ಅಪ್ಪ ಅಮ್ಮ ಇಲ್ಲದ ಮೇಲೆ ನಿನ್ನ ಪೆಟ್ಟಿಗೆ ಕಾಯದೆ ಇನ್ಯಾರದನ್ನು ಕಾಯಲಿ? ಭೀಮಸೇನ ಭಾವನವರಿಗೆ ನಮಸ್ಕಾರ ತಿಳಿಸು.

ಅನಿರುದ್ಧ್

*

ವಿಜಯವಾಡ
20 ಮೇ 2005

ಅಣ್ಣಾ,

ಬಂತು, ಬಂತು! ಇವರೇ ಗವರ್ನರ್‌ಪೇಟೆಯಿಂದ ರಿಕ್ಷಾದಲ್ಲಿ ಮಡಿಲಲ್ಲಿಟ್ಟುಕೊಂಡು ತಂದರು. ಕೂಸಿನ ಹಾಗೆ ಭಾರ ಇದೆ. ಅರ್ಥಿಂಗ್ ಗುಂಡಿಯೂ ಆಯಿತು. ಕೆಳಗಿನ ಮನೆಯ ನಮ್ಮ ಓನರಮ್ಮ ಕೋಟೇಶ್ವರಮ್ಮ ಗಾರು ಮೊದಲು ಹಿತ್ತಲು ಅಗೆಯುವುದು ಬೇಡವೆಂದರು. ‘ನಿಮ್ಮ ಫ್ರಿಜ್ಜಿಗೂ ಇದರಿಂದಲೇ ರಕ್ಷಣೆ’ ಎಂದು ನಿನ್ನ ಚಿತ್ರ ತೋರಿಸಿದ ಮೇಲೆ ತಾವೇ ನಿಂತು ಉಪ್ಪು ಹಾಕಿಸಿದರು. ಬೆರಳು ಈಗ ಜುಮ್ಮೆನ್ನುವುದಿಲ್ಲ.

ಪರೀಕ್ಷೆಯ ದಿನ ಇವರನ್ನೂ ಕರೆದು ಕೂಡಿಸಿಕೊಂಡೆ. ಸ್ವಿಚ್ಚು ಆರಿಸಿದೆ. ಲ್ಯಾಂಪು ಉರಿಯುತ್ತಲೇ ಇತ್ತು. ಬೀಪ್ ಶಬ್ದ ಕೇಳಿ ಕೋಟೇಶ್ವರಮ್ಮ ಗಾರು ಮೆಟ್ಟಿಲ ಕೆಳಗಿನಿಂದಲೇ, ‘ಏಮ್ಮಾ ಚಿತ್ರಾ, ಆ ಪೆಟ್ಟೆ ಏಡುಸ್ತೋಂದಿ!’ ಎಂದು ಕೂಗಿದರು, ಪೆಟ್ಟಿಗೆ ಅಳುತ್ತಿದೆಯಂತೆ. ನಕ್ಕು ನಕ್ಕು ಸಾಕಾಯಿತು.

ಮೊನ್ನೆ ಮಧ್ಯಾಹ್ನ ಇಡೀ ಬೀದಿಯ ಕರೆಂಟು ಹೋಯಿತು. ಎಲ್ಲರೂ ಬೀಸಣಿಗೆ ಹಿಡಿದು ಹೊರಗೆ ಬಂದು ಕೂತರು. ನಾನೊಬ್ಬಳೇ ಒಳಗೆ ಬೆವರುತ್ತ ಒಂದು ವರದಿಯ ಕೊನೆಯ ಸಾಲು ಮುಗಿಸಿ, ಉಳಿಸಿ, ಮುಚ್ಚಿ, ಎದ್ದು ಬಂದೆ. ಏನು ಗತ್ತು ಗೊತ್ತೇ ನನಗೆ ಆವತ್ತು!

‘ಏನ್ ಮಾರಾಯ್ತಿ, ಆಸ್ಪತ್ರಿ ಆಪರೇಷನ್ ಥೇಟ್ರಿಂದ ಬಂದಾಂಗ ಬರ್ಲಿಕ್ಕತ್ತೀಯಲ್ಲ’ ಅಂದರು ಇವರು.

ನಿನ್ನ ಋಣ ಹೇಗೆ ತೀರಿಸಲಿ?

ಚಿತ್ರಾ

*

ವಿಜಯವಾಡ
9 ಸೆಪ್ಟೆಂಬರ್ 2005

ಅಣ್ಣಾ,

ಒಂದು ಸಿಹಿ, ಒಂದು ಕಹಿ. ಸಿಹಿ ಮೊದಲು.

ಜುಲೈ ಕೊನೆಯಲ್ಲಿ ಗಂಗಾಭವಾನಿ ಗಾರು ಫೋನ್ ಮಾಡಿದ್ದರು. ನನ್ನ ಕೆಲಸದಲ್ಲಿ ತಪ್ಪು ಕಡಿಮೆಯಂತೆ. ಎಡಿಟರ್ ಹುದ್ದೆಗೆ ಹೆಸರು ಕೊಡುತ್ತಾರಂತೆ, ಅಂದರೆ ಬೇರೆಯವರು ಟೈಪ್ ಮಾಡಿದ್ದನ್ನು ನಾನು ತಿದ್ದುವುದು. ನವೆಂಬರಿನಲ್ಲಿ ಮನೆಯಿಂದಲೇ ಒಂದು ಪರೀಕ್ಷೆ. ಪಾಸಾದರೆ ಕೆಲವು ತಿಂಗಳು ವಿಶಾಖಪಟ್ಟಣದ ಆಫೀಸಿನಲ್ಲಿ ತರಬೇತಿ, ಆಮೇಲೆ ಮತ್ತೆ ಮನೆಯಿಂದಲೇ. ಆ ಕೆಲವು ತಿಂಗಳು ನಿನ್ನ ಮನೆಯಲ್ಲಿ ಇರುತ್ತೇನೆ. ಅತ್ತಿಗೆಗೆ ಈಗಲೇ ಹೇಳಿಡು. ಇವರಿಗೆ ಹೇಳಿದೆ. ‘ನೋಡೋಣಂತ’ ಅಂದರು. ಅವರು ಯಾವತ್ತೂ ಅಷ್ಟೇ, ಮೊದಲು ನೋಡೋಣ, ಆಮೇಲೆ ಹೂಂ.

ಇನ್ನು ಕಹಿ. ಯುಪಿಎಸ್ಸು ಕೈ ಕೊಟ್ಟಿದೆ. ಜೂನ್, ಜುಲೈನ ಲ್ಯಾಂಪಿನ ಪರೀಕ್ಷೆಯಲ್ಲಿ ಸರಿಯಾಗಿತ್ತು. ಆಗಸ್ಟಿನಲ್ಲಿ ಒಂದು ದಿನ ಕರೆಂಟು ಹೋದಾಗ ಬೀಪ್ ಇಲ್ಲ, ಏನಿಲ್ಲ, ದಪ್ಪೆಂದು ಎಲ್ಲ ಕತ್ತಲು. ಲ್ಯಾಂಪು ಹಚ್ಚಿ ನೋಡಿದರೆ ಅದೂ ಆರಿತು. ಕರೆಂಟು ಇದ್ದಾಗ ಎಲ್ಲ ಸರಿಯಾಗಿ ನಡೆಯುತ್ತದೆ, ಹೋದ ಕ್ಷಣ ಸತ್ತು ಬೀಳುತ್ತದೆ. ಅಂಗಡಿಗೆ ಒಯ್ಯೋಣವೆಂದರೆ ಇವರಿಗೆ ಪುರುಸೊತ್ತಿಲ್ಲ. ‘ಅವರು ಕೆಡಿಸಿ ಕೊಡ್ತಾರ, ನಿಮ್ಮಣ್ಣನ್ನ ಕೇಳು’ ಎಂದು ಅವರೇ ಅಂದರು.

ದಸರೆಯ ಸುತ್ತ ಒಂದು ದಿನ ಬಂದು ಹೋಗು ಅಣ್ಣಾ. ಪರೀಕ್ಷೆಯ ಹೊತ್ತಿಗೆ ಅದು ಸರಿಯಾಗಿರಬೇಕು. ಬೇರೆ ಯಾರ ಕೈಗೂ ಕೊಡಲು ನನಗೆ ಧೈರ್ಯವಿಲ್ಲ.

ಚಿತ್ರಾ

*

ವಿಶಾಖಪಟ್ಟಣ
24 ಅಕ್ಟೋಬರ್ 2005

ಚಿ. ಚಿತ್ರಾ,

ಸುಖವಾಗಿ ಬಂದು ಸೇರಿದೆ. ನೀನು ಕಟ್ಟಿಕೊಟ್ಟ ಚಕ್ಕಲಿಯನ್ನು ತೃಪ್ತಿ ಒಬ್ಬಳೇ ಮುಗಿಸಿದಳು. ಅವಳಿಗೆ ಈಗ ನಾಲ್ಕನೆಯ ತಿಂಗಳು, ಕಂಡದ್ದೆಲ್ಲ ತಿನ್ನಬೇಕೆನಿಸುತ್ತದಂತೆ.

ಯುಪಿಎಸ್ಸನ್ನು ಇಲ್ಲಿ ತಂದು ನಮ್ಮ ವರ್ಕ್‌ಶಾಪಿನಲ್ಲಿ ಬಿಚ್ಚಿ ನೋಡಿದೆ. ಅಲ್ಲಿ ಹೇಳಿದ್ದೇ ನಿಜವಾಯಿತು. ಚಾರ್ಜಿಂಗ್ ಬೋರ್ಡು ಸುಟ್ಟಿದೆ, ಬ್ಯಾಟರಿ ಸತ್ತಿದೆ. ತಪ್ಪು ಯಂತ್ರದ್ದಲ್ಲ. ಟ್ರಾನ್ಸ್‌ಫಾರ್ಮರಿನಿಂದ ಬರುವ ಲೈನಿನಲ್ಲಿ ನಿಮ್ಮದೇ ಕೊನೆಯ ಕಂಬ. ನ್ಯೂಟ್ರಲ್ ವಾಯರು ಸಡಿಲವಾಗಿ ವೋಲ್ಟೇಜು ಹುಚ್ಚಾಪಟ್ಟೆ ಏರಿಳಿಯುತ್ತದೆ. ಹೊಸದನ್ನು ತಂದರೂ ಅದಕ್ಕೂ ಇದೇ ಗತಿ. ಅದನ್ನು ಸರಿಪಡಿಸುವುದು ನಿನ್ನ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಇಲಾಖೆಯವರು ಮನಸ್ಸು ಮಾಡಬೇಕು.

ನನ್ನ ಸಲಹೆ ಕೇಳುವುದಾದರೆ ಸ್ವಲ್ಪ ಕಾಲ ಕೆಲಸ ನಿಲ್ಲಿಸು. ಭಾವನವರಿಗೆ ಬಡ್ತಿಯ ಸಮಯ. ಮುಂದಿನ ವರ್ಷ ಕರ್ನಾಟಕಕ್ಕೆ ವರ್ಗವಾದರೂ ಆಗಬಹುದು, ಅಲ್ಲಿ ಒಳ್ಳೆಯ ಮನೆ ನೋಡಿ ಮತ್ತೆ ಶುರುಮಾಡಿದರಾಯಿತು. ಎಲ್ಲದಕ್ಕೂ ಒಂದು ಕಾಲ ಇರುತ್ತದೆ. ಮನೆಯ ನೆಮ್ಮದಿಗಿಂತ ದೊಡ್ಡದು ಯಾವುದೂ ಅಲ್ಲ.

ಆರೋಗ್ಯ ನೋಡಿಕೋ.

ಅನಿರುದ್ಧ್

*

ವಿಜಯವಾಡ
28 ನವೆಂಬರ್ 2005

ಅಣ್ಣಾ,

ನಿನ್ನ ಮಾತು ಮೀರಿ ಪರೀಕ್ಷೆಗೆ ಕೂತೆ. ಬಯ್ಯಬೇಡ. ಕೈಗೆ ಬಂದದ್ದನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಪ್ರತಿ ಎರಡು ಸಾಲಿಗೊಮ್ಮೆ ಉಳಿಸಿಕೊಳ್ಳುತ್ತ ಹೋದರೆ ಹೇಗೋ ದಾಟಬಹುದು ಎಂದುಕೊಂಡೆ.

ಮೊದಲ ದಿನ ದೇವರು ನಡೆಸಿಕೊಟ್ಟ. ಎರಡನೆಯ ದಿನ ಕರೆಂಟು ಹೋಗಿ ಬಂದು ಹೋಗಿ ಬಂದು ಆಟವಾಡಿತು. ಆಮೇಲೆ ಕಂಪ್ಯೂಟರು ಏಳಲೇ ಇಲ್ಲ. ಒಳಗೆ ಟಿಕ್ ಟಿಕ್ ಎಂದು ಏನೋ ಬಡಿದುಕೊಳ್ಳುತ್ತಿತ್ತು. ರಿಪೇರಿಯವನು ಬಂದು ಹಾರ್ಡ್ ಡಿಸ್ಕ್ ಹೋಗಿದೆ ಎಂದ. ಪರೀಕ್ಷೆಯ ಕೆಲಸವಷ್ಟೇ ಅಲ್ಲ, ಇಷ್ಟು ದಿನ ನಾನು ಒಂದೊಂದಾಗಿ ಕೂಡಿಸಿಟ್ಟಿದ್ದ ಔಷಧಿಗಳ ಹೆಸರು, ಕಾಯಿಲೆಗಳ ಹೆಸರು, ಯಾವ ಡಾಕ್ಟರು ಯಾವ ಮಾತನ್ನು ಹೇಗೆ ನುಂಗುತ್ತಾರೆ ಎಂಬ ನನ್ನ ಟಿಪ್ಪಣಿ, ಎಲ್ಲವೂ ಹೋಯಿತು.

ಗಂಗಾಭವಾನಿ ಗಾರು ಫೋನಿನಲ್ಲಿ, ‘ಯುಪಿಎಸ್ ಎಂದುಕು ಲೇದಮ್ಮಾ?’ ಎಂದರು. ಯಾಕೆ ಇಲ್ಲ ಎಂದರೆ ನಾನೇನು ಹೇಳಲಿ? ‘ನಮ್ಮ ಅಣ್ಣ ಎಲೆಕ್ಟ್ರಿಕಲ್ ಎಂಜಿನಿಯರು ಮೇಡಂ, ಅವನೇ ಬಂದು ಬಿಚ್ಚಿ ನೋಡಿದ್ದಾನೆ, ಇಲ್ಲಿಯ ಲೈನಿಗೆ ಯಾವುದೂ ನಿಲ್ಲುವುದಿಲ್ಲವಂತೆ’ ಎಂದೆ. ಅದಕ್ಕೆ ಅವರು, ಹಾಗಿದ್ದರೆ ಇನ್ನು ನಾನೂ ಏನೂ ಮಾಡುವಂತಿಲ್ಲಮ್ಮಾ, ಅಂದರು. ಎಡಿಟರ್ ಹುದ್ದೆ ಹೋಯಿತು, ಮನೆಯ ಕೆಲಸವೂ ನಿಂತಿತು. ಕರೆಂಟೇ ನಿಲ್ಲದ ಊರಿನವರಿಗೆ ಕೆಲಸ ಕೊಡುವುದು ಬೇಡ ಎಂದು ಮೇಲಿನವರು ಹೇಳಿದರಂತೆ.

ಇವರು ಆ ದಿನ ಬಾಳೆಹಣ್ಣು ಮಲ್ಲಿಗೆ ಎಲ್ಲ ತಂದರು. ‘ಹೋಗ್ಲಿ ಬಿಡು, ಆರಾಮ ಇರು’ ಎಂದು ತಲೆ ಸವರಿದರು. ಅಷ್ಟು ಮೆತ್ತಗೆ ಅವರು ಮಾತಾಡಿ ಬಹಳ ದಿನವಾಗಿತ್ತು. ಅತ್ತುಬಿಟ್ಟೆ.

ನೀನು ಮೊದಲೇ ಹೇಳಿದ್ದೆ. ನಿನ್ನ ಮಾತು ಕೇಳಿದ್ದರೆ ಹಾರ್ಡ್ ಡಿಸ್ಕಾದರೂ ಉಳಿಯುತ್ತಿತ್ತು.

ಚಿತ್ರಾ

*

ವಿಜಯವಾಡ
16 ಜನವರಿ 2006

ಅನಿರುದ್ಧ್,

ಅಣ್ಣ ಎಂದು ಬರೆಯಲು ಕೈ ಬರಲಿಲ್ಲ. ಹಾಗೆಯೇ ಓದಿಕೋ.

ಸಂಕ್ರಾಂತಿಯ ಮಾರನೆಯ ದಿನ, ನಿನ್ನೆ, ಊಟಕ್ಕೆ ಕೂತಾಗ ಇವರು, ‘ಕಂಪ್ಯೂಟರ್ ಸುಮ್ನ ಜಾಗಾ ತಿಂತದ, ನಮ್ಮ ಬ್ರಾಂಚಿನ ಜಗನ್ಮೋಹನ್ ಕೇಳ್ಲಿಕ್ಕತ್ತಾನ, ಕೊಟ್ಟು ಬಿಡೋಣ’ ಅಂದರು. ಬೇಡ, ಡಿಸ್ಕ್ ಬದಲಿಸಿದರೆ ಸರಿಹೋಗುತ್ತದೆ ಎಂದೆ. ಮಾತು ಬೆಳೆಯಿತು. ನಾನು ಅಂದೆ, ‘ಅಣ್ಣಗ ಆ ಯುಪಿಎಸ್ ರಿಪೇರಿ ಮಾಡ್ಲಿಕ್ಕೆ ಆಗಿದ್ರ ನನಗ ಈ ಗತಿ ಬರ್ತಿರಲಿಲ್ಲ.’

ಇವರು ನಕ್ಕರು. ಊಟದ ತಟ್ಟೆಯ ಮುಂದೆ ಕೂತು ನಕ್ಕರು.

‘ನಿಮ್ಮಣ್ಣಗ ರಿಪೇರಿ ಬರ್ಲಿಲ್ಲ ಅಂತ ತಿಳಿದೀಯೇನು? ಅದರಾಗ ಕೆಟ್ಟಿದ್ದರ ಏನಿತ್ತು? ಬ್ಯಾಟರಿ ವಾಯರು ನಾನs ಬಿಚ್ಚಿ ಟೇಪ್ ಸುತ್ತಿಟ್ಟಿದ್ದೆ. ನಿಮ್ಮಣ್ಣ ಮುಚ್ಚಳ ತಗದ ಕೂಡ್ಲೇ ನೋಡಿದ.’

ನನಗೆ ಅರ್ಥವೇ ಆಗಲಿಲ್ಲ. ಯಾವಾಗ, ಎಂದೆ.

‘ನೀ ಕೆಳಗ ಓನರಮ್ಮನ ಹತ್ರ ಕರಿಬೇವು ತರ್ಲಿಕ್ಕೆ ಹೋಗಿದ್ದೆಲ್ಲ, ಆವಾಗ. ವಾಯರ್ ಕೈಯಾಗ ಹಿಡಕೊಂಡು ನನ್ನ ಮಾರಿ ನೋಡಿದ. ನಾ ಅಂದೆ, ಜೋಡಸ್ತೀ ಅಂದ್ರ ಜೋಡಸಪಾ, ಆಮ್ಯಾಲೆ ನಿನ್ನ ತಂಗೀನ್ನೂ ನಿನ್ನ ಜೋಡೀನ ವಿಶಾಖಪಟ್ಟಣಕ್ಕ ಕರಕೊಂಡು ಹೋಗು, ಹೊಳ್ಳಿ ಕಳಿಸಬ್ಯಾಡ ಅಂತ. ಶಾಣ್ಯಾ ಇದ್ದಾನ. ಸುಮ್ನ ಮುಚ್ಚಳ ಹಾಕಿ ಸ್ಕ್ರೂ ತಿರುವಿದ.’

‘ಯಾಕ ಹಿಂಗ ಮಾಡಿದ್ರಿ ನೀವು?’

‘ನಾ ಏನ್ ಮಾಡೀನಿ? ಕರೆಂಟ್ ಹೋತು, ಅಷ್ಟs.’

ಕರೆಂಟು ಹೋಯಿತು, ಅಷ್ಟೇ. ಆ ಮಾತು ಹೇಳಿ ಮಜ್ಜಿಗೆ ಸುರುವಿಕೊಂಡರು.

ಅವರ ಸಂಕಟ ನನಗೆ ತಿಳಿಯದ್ದಲ್ಲ. ಎರಡು ಸಲ ಬಡ್ತಿ ತಪ್ಪಿದೆ. ಹೆಂಡತಿ ಬೇರೆ ಊರಿಗೆ ಕೆಲಸಕ್ಕೆ ಹೋದಳೆಂದು ಬ್ರಾಂಚಿನಲ್ಲಿ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ ಎಂಬ ಹೆದರಿಕೆ. ಹೋಗಬೇಡ ಎಂದು ನನ್ನ ಮುಖ ನೋಡಿ ಹೇಳಲಾರದೆ ಹಿಂದಿನಿಂದ ವಾಯರು ಬಿಚ್ಚಿದರು. ನೀಚ ಕೆಲಸವೇ. ಆದರೂ ಅವರು ಯಾಕೆ ಮಾಡಿದರೆಂದು ಹುಡುಕಿದರೆ ನನಗೆ ಸಿಗುತ್ತದೆ.

ನಿನ್ನದು ಸಿಗುತ್ತಿಲ್ಲ. ನಿನ್ನೆಯಿಂದ ನಿನ್ನ ಅಕ್ಟೋಬರಿನ ಕಾಗದವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ. ಚಾರ್ಜಿಂಗ್ ಬೋರ್ಡು ಸುಟ್ಟಿದೆ. ಕೊನೆಯ ಕಂಬ. ನ್ಯೂಟ್ರಲ್ ಸಡಿಲ. ಎಷ್ಟು ಚೆನ್ನಾಗಿ ಬರೆದಿದ್ದೀ! ಚಿಕ್ಕವಳಿದ್ದಾಗ ದೀಪ ಹೇಗೆ ಹತ್ತುತ್ತದೆ ಎಂದು ನೀನು ಹೇಳಿದ್ದನ್ನು ನಂಬಿದ ಹಾಗೆಯೇ ಇದನ್ನೂ ನಂಬಿದೆ. ಒಂದು ಮಾತು ಹೊಳೆಯಬೇಕಿತ್ತು ನನಗೆ. ಆ ಕಾಗದದಲ್ಲಿ ನೀನು ಚಿತ್ರ ಬರೆದಿರಲಿಲ್ಲ. ಇಲ್ಲದ್ದನ್ನು ಹೇಳಲು ನಿನಗೆ ಬಂತು, ಚಿತ್ರ ಬರೆಯಲು ಬರಲಿಲ್ಲ.

ಗಂಗಾಭವಾನಿ ಗಾರು ಕೊನೆಯ ಸಲ ಕೇಳಿದಾಗ ನಾನು ನಿನ್ನ ಹೆಸರನ್ನೇ ಸಾಕ್ಷಿ ಹೇಳಿದೆ. ಬಾಗಿಲು ಮುಚ್ಚಿದ್ದು ಅದರಿಂದಲೇ.

ಚಿತ್ರಾ

*

ವಿಶಾಖಪಟ್ಟಣ
2 ಫೆಬ್ರವರಿ 2006

ಚಿತ್ರಾ,

ನಿನ್ನ ಕಾಗದ ಬಂದು ವಾರವಾಯಿತು. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎರಡನೆಯ ಸಲ ಕೆಳಗಿನ ಮನೆಗೆ ಮಾಡಿದಾಗ ಕೋಟೇಶ್ವರಮ್ಮ ಗಾರು ಎತ್ತಿ, ಚಿತ್ರಮ್ಮ ತಲೆನೋವೆಂದು ಮಲಗಿದ್ದಾಳೆ ಅಂದರು.

ನಾನು ವಾಯರು ಜೋಡಿಸಿದ್ದರೆ ಏನಾಗುತ್ತಿತ್ತು, ಯೋಚಿಸಿದ್ದೀಯಾ? ಭಾವ ಆವತ್ತು ನಗುತ್ತ ಹೇಳಲಿಲ್ಲ. ಹಲ್ಲು ಕಚ್ಚಿ ಹೇಳಿದರು. ನಾನು ಒಂದು ನಿಮಿಷ ಆ ಎರಡು ವಾಯರನ್ನು ಹಿಡಿದು ಕೂತಿದ್ದೆ. ಕೆಳಗೆ ನೀನು ಓನರಮ್ಮನ ಜೊತೆ ನಗುತ್ತಿದ್ದದ್ದು ಕೇಳುತ್ತಿತ್ತು. ಈ ನಗು ಒಂದು ಪೆಟ್ಟಿಗೆಗಾಗಿ ಹೋಗಬಾರದು ಎನಿಸಿತು. ಈ ಸಂಬಂಧ ನೋಡಿದವನು ನಾನು. ಗದಗಿನಲ್ಲಿ ನಾಲ್ಕು ಜನರ ಮುಂದೆ ನಿಂತು ನಿನ್ನನ್ನು ಧಾರೆ ಎರೆದವನು ನಾನು. ಅದು ಮುರಿದರೆ ಕೇಳುವವರು ನನ್ನನ್ನೇ ಕೇಳುತ್ತಾರೆ. ತೃಪ್ತಿ ಬಸುರಿ, ಇರುವುದು ಎರಡು ಕೋಣೆಯ ಮನೆ. ನೀನು ಪೆಟ್ಟಿಗೆ ಹಿಡಿದು ಬಂದು ನಿಂತರೆ ನಾನು ಏನು ಮಾಡಬೇಕಿತ್ತು?

ಕೆಲಸ ಇನ್ನೊಂದು ಸಿಗುತ್ತದೆ. ಮನೆ ಸಿಗುವುದಿಲ್ಲ. ನಿನ್ನ ಒಳ್ಳೆಯದಕ್ಕೇ ಮಾಡಿದೆ. ಮುಂದೆ ಒಂದು ದಿನ ನಿನಗೇ ತಿಳಿಯುತ್ತದೆ.

ಯುಪಿಎಸ್ಸು ಸರಿಯಾಗಿಯೇ ಇದೆ. ಹೇಳಿದರೆ ಪಾರ್ಸೆಲ್ ಮಾಡುತ್ತೇನೆ.

ಅನಿರುದ್ಧ್

*

ವಿಶಾಖಪಟ್ಟಣ
25 ಮಾರ್ಚ್ 2006

ಚಿ. ಚಿತ್ರಾ,

ಈ ಕಾಗದವನ್ನು ಗಂಗಾಭವಾನಿ ಅವರ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ನಿನ್ನ ವಿಳಾಸ ನನಗೆ ಗೊತ್ತಿಲ್ಲ ಎಂದು ಬರೆಯಬೇಕಾಗಿ ಬಂತಲ್ಲ.

ಭಾವನವರು ಫೋನ್ ಮಾಡಿ, ‘ನಿನ್ನ ತಂಗಿ ನಿನ್ನ ಊರಿಗೇ ಬಂದು ಎಷ್ಟೋ ದಿನ ಆತು, ನಿನಗ ಗೊತ್ತಿಲ್ಲೇನು?’ ಎಂದಾಗಲೇ ನನಗೆ ತಿಳಿದದ್ದು. ನೀನು ಇದೇ ಊರಿನಲ್ಲಿದ್ದೀ. ಒಂದು ಸಿಟಿ ಬಸ್ಸಿನ ದಾರಿ. ನಮ್ಮ ಮನೆಗೆ ಬರಲಿಲ್ಲ.

ಮಗಳು ಹುಟ್ಟಿದ್ದಾಳೆ. ತಾಯಿ ಮಗು ಆರೋಗ್ಯವಾಗಿದ್ದಾರೆ. ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ತೃಪ್ತಿಯ ತಾಯಿಯೇ ಇಲ್ಲಿಗೆ ಬಂದಿದ್ದಾರೆ. ಏಪ್ರಿಲ್ ಹದಿನಾರಕ್ಕೆ ತೊಟ್ಟಿಲಿಗೆ ಹಾಕುತ್ತೇವೆ. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಇರುವವಳು ನೀನೊಬ್ಬಳೇ. ನನ್ನ ಮೇಲಿನ ಸಿಟ್ಟನ್ನು ಕೂಸಿನ ಮೇಲೆ ತೀರಿಸಬೇಡ.

ನಿನ್ನ ಜನವರಿಯ ಕಾಗದವನ್ನು ತೃಪ್ತಿ ಓದಿದಳು. ನಾನು ತೋರಿಸಲಿಲ್ಲ, ಅವಳಿಗೆ ಸಿಕ್ಕಿತು. ಓದಿ, ಮಡಿಸಿ, ನನ್ನ ಕೈಗೇ ಕೊಟ್ಟಳು.

ಅನಿರುದ್ಧ್

*

ದ್ವಾರಕಾನಗರ, ವಿಶಾಖಪಟ್ಟಣ
3 ಏಪ್ರಿಲ್ 2006

ಅಣ್ಣಾ,

ಅಭ್ಯಾಸಬಲದಿಂದ ಹಾಗೆ ಬರೆದೆ. ಇರಲಿ ಬಿಡು, ಹೊಡೆದು ಹಾಕುವುದಿಲ್ಲ.

ಫೆಬ್ರವರಿಯಲ್ಲಿ ನಿನ್ನ ಕಾಗದ ಓದಿದ ಮೇಲೆ ಗಂಗಾಭವಾನಿ ಗಾರಿಗೆ ಎಲ್ಲವನ್ನೂ ಹೇಳಿದೆ. ನಾಚಿಕೆ ಬಿಟ್ಟು ಹೇಳಿದೆ. ಗಂಡ ವಾಯರು ಬಿಚ್ಚಿದ್ದು, ಅಣ್ಣ ಮುಚ್ಚಳ ಹಾಕಿದ್ದು. ಅವರು, ‘ಇಕ್ಕಡಿಕಿ ವಚ್ಚೇಯ್ ಅಮ್ಮಾ’ ಅಂದರು, ಇಲ್ಲಿಗೇ ಬಂದುಬಿಡು ಅಂತ. ಎಡಿಟರ್ ಜಾಗ ತುಂಬಿಹೋಗಿದೆ. ಟೈಪ್ ಮಾಡುವವರ ಸಾಲಿನಲ್ಲಿ ಒಂದು ಕುರ್ಚಿ ಕೊಟ್ಟರು, ಹೊಸದಾಗಿ ಸೇರಿದವರ ಜೊತೆ. ಇರುವುದು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಆಫೀಸಿನಲ್ಲಿ ಕರೆಂಟು ಹೋದರೆ ಯಾರೂ ತಲೆಯೆತ್ತುವುದಿಲ್ಲ, ಹೊರಗೆ ಜನರೇಟರು ತನ್ನಷ್ಟಕ್ಕೆ ಶುರುವಾಗುತ್ತದೆ. ನಾನೊಬ್ಬಳು ಮಾತ್ರ ಇನ್ನೂ ಬೆಚ್ಚಿಬೀಳುತ್ತೇನೆ.

ಇವರು ಹೋದ ಭಾನುವಾರ ಬಂದಿದ್ದರು. ಹಾಸ್ಟೆಲಿನ ಗೇಟಿನ ಹತ್ತಿರ ನಿಂತು, ‘ತಪ್ಪಾತು, ಬಾ’ ಎಂದರು. ಆ ಎರಡು ಮಾತು ಹೇಳುವುದಕ್ಕೆ ಅವರಿಗೆ ಎಷ್ಟು ಕಷ್ಟವಾಯಿತೆಂದು ನೋಡಿದೆ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಅವರ ಮೇಲೆ ಸಿಟ್ಟು ಬರುತ್ತದೆ, ಇಳಿಯುತ್ತದೆ, ಮತ್ತೆ ಬರುತ್ತದೆ. ಜಗಳವಾಡಲು ಇನ್ನೂ ಏನೋ ಉಳಿದಿದೆ ಎಂದಾಯಿತು.

ನಿನ್ನ ಮೇಲೆ ಸಿಟ್ಟೇ ಬರುತ್ತಿಲ್ಲ. ಅದೇ ನನಗೆ ಹೆದರಿಕೆ.

ಎರಡು ಕೋಣೆಯ ಮನೆ ಎಂದು ನೀನು ಬರೆದಿದ್ದೆ. ನಾನು ಕೋಣೆ ಕೇಳಿರಲಿಲ್ಲ. ನೀನು ಆ ದಿನ ಕರಿಬೇವಿನ ಎಸಳು ನನ್ನ ಕೈಯಿಂದ ಇಸಿದುಕೊಂಡು, ‘ಚಿತ್ರಾ, ವಾಯರು ಭಾವನೇ ಬಿಚ್ಚಿದ್ದಾರ, ಏನ್ ಮಾಡ್ತೀ ನೋಡು’ ಎಂದಿದ್ದರೆ ಸಾಕಿತ್ತು. ಬಹುಶಃ ನಾನೇ ಮುಚ್ಚಳ ಹಾಕುತ್ತಿದ್ದೆ. ಬಹುಶಃ ಪರೀಕ್ಷೆ ಬಿಟ್ಟು ಮನೆಯಲ್ಲೇ ಇರುತ್ತಿದ್ದೆ. ಆದರೆ ಹಾಗೆ ಇದ್ದವಳು ನಾನಾಗುತ್ತಿದ್ದೆ. ನನ್ನ ನಗುವನ್ನು ಕಾಯಲು ಹೊರಟೆಯಲ್ಲ, ನನ್ನನ್ನು ಕೇಳಬೇಕೆಂದು ಅನಿಸಲಿಲ್ಲವೇ ನಿನಗೆ?

ಹದಿನಾರಕ್ಕೆ ಬರುತ್ತೇನೆ. ಕೂಸಿಗಾಗಿ, ಅತ್ತಿಗೆಗಾಗಿ. ಹೆಸರಿಟ್ಟು ಹೊರಡುತ್ತೇನೆ, ಊಟಕ್ಕೆ ನಿಲ್ಲೆಂದು ಒತ್ತಾಯ ಮಾಡಬೇಡ. ಎದುರು ಸಿಕ್ಕಾಗ ಏನನ್ನೂ ವಿವರಿಸಲೂ ಬೇಡ. ನೀನು ವಿವರಿಸಿದರೆ ನಾನು ಮತ್ತೆ ನಂಬಿಬಿಡುತ್ತೇನೆ.

ಚಿತ್ರಾ

*

ಗಾಜುವಾಕ, ವಿಶಾಖಪಟ್ಟಣ
18 ಏಪ್ರಿಲ್ 2006

ಚಿತ್ರಾ,

ನೀನು ಬಂದೆ, ಹೋದೆ. ನಿನ್ನ ಮಾತಿನಂತೆ ನಾನು ಏನನ್ನೂ ವಿವರಿಸಲಿಲ್ಲ. ಬಾಗಿಲಲ್ಲಿ ನೀರು ಕೊಟ್ಟೆ, ಕುಡಿದೆ. ಅಷ್ಟಾದರೂ ಕುಡಿದೆಯಲ್ಲ.

ತೊಟ್ಟಿಲ ಹತ್ತಿರ ನೀನು ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ. ಅಪೂರ್ವಾ. ಅದನ್ನು ಎಲ್ಲರೂ ಕೇಳಿದೆವು. ಆಮೇಲೂ ನೀನು ಏಳಲಿಲ್ಲ. ಅಂಗೈಯಲ್ಲಿ ಬಾಯಿ ಮರೆಮಾಡಿಕೊಂಡು ಇನ್ನೂ ಏನೋ ಹೇಳಿದೆ. ಒಂದು ಹೆಸರಿಗೆ ಹಿಡಿಯುವಷ್ಟು ಹೊತ್ತಲ್ಲ ಅದು. ಕೂಸು ಅಳು ನಿಲ್ಲಿಸಿ ನಿನ್ನನ್ನೇ ನೋಡುತ್ತಿತ್ತು. ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದ ತೃಪ್ತಿ ಅದನ್ನು ಕೇಳಿಸಿಕೊಂಡಳು. ಅವಳ ಕಣ್ಣು ತುಂಬಿತು. ನೀನು ಅವಳ ಕೈ ಹಿಡಿದು ಒಮ್ಮೆ ಅದುಮಿ, ನನ್ನ ಪಕ್ಕದಿಂದಲೇ ಹಾದು ಮೆಟ್ಟಿಲಿಳಿದು ಹೋದೆ.

ಎಲ್ಲರೂ ಊಟ ಮುಗಿಸಿ ಹೋದ ಮೇಲೆ ತೃಪ್ತಿಯನ್ನು ಕೇಳಿದೆ. ‘ಚಿತ್ರಾ ಏನ್ ಹೇಳಿದ್ಲು?’

‘ಏನಿಲ್ಲ’ ಅಂದಳು.

ನಿನ್ನೆ ಮತ್ತೆ ಕೇಳಿದೆ. ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ತಲೆಯೆತ್ತಲೂ ಇಲ್ಲ. ‘ನಿಮ್ಮ ಒಳ್ಳೇದಕ್ಕs ಹೇಳ್ತೀನಿ, ಕೇಳಬ್ಯಾಡ್ರಿ’ ಎಂದಳು.

ಇವತ್ತು ಬೆಳಿಗ್ಗೆ ಪರವಾಡದ ಬಸ್ಸು ತಪ್ಪಿಸಿಕೊಂಡೆ. ಸ್ಟಾಪಿನ ಬೆಂಚಿನ ಮೇಲೆಯೇ ಕೂತು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಎಲ್ಲ ಸರಿಯಾಗಿದೆ. ಅಡುಗೆ ಆಗುತ್ತದೆ, ತೊಟ್ಟಿಲು ತೂಗುತ್ತದೆ, ಯಾರೂ ಯಾರಿಗೂ ಒಂದು ಮಾತು ಬಿರುಸಾಗಿ ಆಡುವುದಿಲ್ಲ. ನೀನೂ ತೃಪ್ತಿಯೂ ಬಲ್ಲ ಒಂದು ಮಾತು ನನ್ನ ಮನೆಯಲ್ಲೇ ಇದೆ, ಅದು ನನಗೆ ಮಾತ್ರ ಗೊತ್ತಿಲ್ಲ. ಇಷ್ಟು ಸಣ್ಣ ಮನೆಯಲ್ಲಿ ಅದನ್ನು ಸುತ್ತಿಕೊಂಡು ಓಡಾಡುವುದು ಕಷ್ಟ, ಚಿತ್ರಾ.

ನನ್ನ ಮಗಳಿಗೆ ಏನು ಹೇಳಿದೆ?

ಅನಿರುದ್ಧ್